ಕಾದಂಬರಿಗಳ ಅಂಚಿನಲ್ಲಿ ನಾನು ಅಳಿಸಿದ್ದು

ಬರೆದದ್ದನ್ನು ಅಳಿಸುವುದು ನನಗೆ ಬಂದ ಮೊದಲ ಕೆಲಸ. ಓದು ಆಮೇಲೆ ಬಂತು.

ಮೈಸೂರಿನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಒಂದೇ ಕೋಣೆ, ನೆಲದಿಂದ ಸೂರಿನವರೆಗೆ ಕಾದಂಬರಿ. ಮಧ್ಯಾಹ್ನ ಊಟ ಮುಗಿಸಿದ ಹೆಂಗಸರು ಸೆರಗಿನಲ್ಲಿ ಮರೆಮಾಡಿಕೊಂಡು ಒಂದನ್ನು ತಂದು ಕೊಟ್ಟು, ಇನ್ನೊಂದನ್ನು ಒಯ್ಯುತ್ತಿದ್ದರು. ನಮ್ಮಪ್ಪ ಲಾಡ್ಜೊಂದರ ಹಿಂದೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು, ಅಮ್ಮ ಮನೆಯಲ್ಲಿ ಊದಿನಕಡ್ಡಿ ಹೊಸೆಯುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಬಾಡಿಗೆ ಕೊಟ್ಟು ಕಾದಂಬರಿ ತರುವ ಮನೆ ನಮ್ಮದಲ್ಲ. ಆದರೆ ಲೈಬ್ರರಿಯ ಯಜಮಾನರಿಗೆ ಒಂದು ಸಂಕಟವಿತ್ತು: ಓದುವವರು ಸುಮ್ಮನೆ ಓದುತ್ತಿರಲಿಲ್ಲ, ಬರೆಯುತ್ತಿದ್ದರು. ‘ಇವಳು ಕೊನೆಗೆ ಸಾಯುತ್ತಾಳೆ’ ಎಂದು ಮೊದಲ ಪುಟದಲ್ಲೇ ಬರೆದು ಮುಂದಿನವರ ಹೊಟ್ಟೆ ಉರಿಸುವವರಿದ್ದರು. ‘ಪುಟ ನಲವತ್ತು ನೋಡಿ’ ಎಂದಿರುತ್ತಿತ್ತು. ನಲವತ್ತಕ್ಕೆ ಹೋದರೆ ‘ಪುಟ ತೊಂಬತ್ತು ನೋಡಿ’. ತೊಂಬತ್ತರಲ್ಲಿ ‘ಇಷ್ಟು ದೂರ ಬಂದ ನೀನು ಕತ್ತೆ’. ಅದಕ್ಕಿಂತ ಕೆಟ್ಟವೂ ಇರುತ್ತಿದ್ದವು.

ಸ್ಕೂಲು ಬಿಟ್ಟ ಮೇಲೆ ನಾನು ಆ ಅಂಗಡಿಯ ಮೂಲೆಯಲ್ಲಿ ಕೂತು ಈ ಗೀಚುಗಳನ್ನು ರಬ್ಬರಿನಿಂದ ಉಜ್ಜಬೇಕು, ಕಿತ್ತ ಹಾಳೆಗಳನ್ನು ಮೈದಾ ಅಂಟಿನಲ್ಲಿ ಅಂಟಿಸಬೇಕು. ಅದಕ್ಕೆ ಬದಲಾಗಿ ದಿನಕ್ಕೊಂದು ಕಾದಂಬರಿ ಮನೆಗೆ. ಯಜಮಾನರು ಮೊದಲ ದಿನವೇ ಹೇಳಿದ್ದರು:

“ಓದ್ಬೇಡ ಮಗು, ಉಜ್ಜು. ಹೆಣ್ಮಕ್ಕಳು ಓದೋಂಥದ್ದಲ್ಲ ಅದು.”

ನಾನು ಹೇಳಿದ ಮಾತು ಕೇಳುವ ಹುಡುಗಿ. ಕಣ್ಣನ್ನು ಅಚ್ಚಿನ ಸಾಲಿನ ಮೇಲಿಟ್ಟು ಕೈಯನ್ನು ಅಂಚಿನಲ್ಲಿ ಆಡಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಕೆಲವೇ ತಿಂಗಳಲ್ಲಿ ಅಂಚಿನ ಬರಹ ನನ್ನ ಕಣ್ಣಿಗೆ ಅಕ್ಷರವಾಗಿ ಕಾಣುವುದೇ ನಿಂತುಹೋಯಿತು. ಧೂಳು ಒರೆಸಿದ ಹಾಗೆ ಒರೆಸಿ, ಊದಿ, ಮುಂದಿನ ಪುಟ.

ಸಂಜೆ ಅಮ್ಮ ಕಡ್ಡಿ ಹೊಸೆಯುತ್ತಾ ಕೂತಾಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ಆ ಕಾಲದ ಕಾದಂಬರಿಗಳೆಂದರೆ ಹಾಗೆಯೇ: ಓದಿದ ಸೊಸೆ, ಓದದ ಅತ್ತೆ, ಬಾಯಿ ಇಲ್ಲದ ಗಂಡ, ಕೊನೆಯಲ್ಲಿ ಒಂದು ಆಸ್ಪತ್ರೆ. ಅಮ್ಮ ಕೈ ನಿಲ್ಲಿಸದೆ ಅಳುತ್ತಿದ್ದಳು. “ಆ ಅತ್ತೆ ನಾಲಿಗೆಗೆ ಬೆಂಕಿ ಹಾಕ!” ಎಂದು ಬೈಯುತ್ತಿದ್ದಳು. ಕಥೆ ಮುಗಿದ ಮೇಲೆ ಒಂದೇ ಪ್ರಶ್ನೆ: “ಅಲ್ವೇ, ಆ ಹುಡುಗಿ ಯಾರಿಗಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ?” ಹೇಳಿಬಿಟ್ಟರೆ ಕಾದಂಬರಿ ಅರವತ್ತನೇ ಪುಟಕ್ಕೇ ಮುಗಿಯುತ್ತಿತ್ತಮ್ಮಾ ಎಂದು ನಗುತ್ತಿದ್ದೆ.

ನಾನು ಬಿ.ಎಸ್ಸಿ. ಪಾಸಾದೆ. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಬೀದಿಯಲ್ಲೇ ಮೊದಲ ಡಿಗ್ರಿ ಅದು. ಅಪ್ಪ ಆ ಸರ್ಟಿಫಿಕೇಟನ್ನು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಅಂದಿನಿಂದ ನಾನು ಎಲ್ಲಿ ಸಹಿ ಹಾಕಿದರೂ ಹೆಸರಿನ ಮುಂದೆ ಡಿಗ್ರಿ ಬರೆಯುತ್ತಿದ್ದೆ. ಹಾಲಿನವನ ಚೀಟಿಯ ಮೇಲೂ ಬರೆದಿದ್ದೇನೆ. ನಗುವವರು ನಗಲಿ. ಅದನ್ನು ಯಾರೂ ನನಗೆ ಹರಸಿ ಕೊಟ್ಟಿರಲಿಲ್ಲ.

ಮದುವೆಯಾಗಿ ಡಲ್ಲಾಸಿಗೆ ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ನಮ್ಮ ಯಜಮಾನರು ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಊರಂಚಿನ ಫಾರ್ಮರ್ಸ್ ಬ್ರಾಂಚಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ನನಗೂ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ರಕ್ತ ಪರೀಕ್ಷೆ ಮಾಡುವುದು. ಇಂಗ್ಲಿಷು ಓದಲು ಬರುತ್ತಿತ್ತು, ಮಾತಾಡಲು ತಡವರಿಸುತ್ತಿದ್ದೆ. ಅದನ್ನು ಸರಿಮಾಡಿಕೊಂಡದ್ದೂ ಕಾದಂಬರಿಗಳಿಂದಲೇ. ಔಷಧಿ ಅಂಗಡಿಯಲ್ಲಿ ತಂತಿಯ ತಿರುಗುವ ಸ್ಟ್ಯಾಂಡಿನಲ್ಲಿ ಜೇಬಿಗೆ ಹಿಡಿಯುವಂಥ ಪುಸ್ತಕಗಳಿರುತ್ತಿದ್ದವು. ಲಕ್ಷಗಟ್ಟಲೆ ಮಾರಿದೆ ಎಂದು ಮುಖಪುಟದ ಮೇಲೇ ಅಚ್ಚು. ದೊಡ್ಡ ಬಂಗಲೆ, ಹೆದರಿದ ಹೆಂಡತಿ, ಕಿಟಕಿಯಲ್ಲಿ ದೀಪ. ಓದುತ್ತಾ ಚೆಂದ ಕಂಡ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ, ಎಲ್ಲಾದರೂ ಉಪಯೋಗಕ್ಕೆ ಬಂದೀತು ಎಂದು.

ಎರಡು ವರ್ಷದ ಮೇಲೆ ಮೈಸೂರಿನ ಆ ಲೈಬ್ರರಿ ಮುಚ್ಚಿತು. ಲೈಬ್ರರಿಯ ಯಜಮಾನರು ಸುಮಾರು ನಲವತ್ತು ಕಾದಂಬರಿಗಳನ್ನು ಅಮ್ಮನ ಕೈಗಿಟ್ಟು “ನಿಮ್ಮ ಹುಡುಗೀಗೆ” ಎಂದರಂತೆ. ಅಮ್ಮ ಅವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಪಕ್ಕದ ಮನೆಯವರಿಂದ ವಿಳಾಸ ಬರೆಸಿ ಹಡಗಿನ ಟಪಾಲಿಗೆ ಹಾಕಿಸಿದಳು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಬಂದ ಗಂಟನ್ನು ಬಿಚ್ಚಿದಾಗ ಊದಿನಕಡ್ಡಿಯ ವಾಸನೆ ಹೊಡೆಯಿತು. ನಾನು ನೆಲದ ಮೇಲೆ ಕೂತು ಅತ್ತೆ. ಪುಸ್ತಕಕ್ಕೆ ಮಂಡಿ ತಾಗಿತೆಂದು ಕಣ್ಣಿಗೊತ್ತಿಕೊಂಡು ಮತ್ತೆ ಅತ್ತೆ.

ಆ ವರ್ಷ ದೀಪಾವಳಿಗೆ ಕನ್ನಡದವರೆಲ್ಲ ಹ್ಯೂಸ್ಟನ್ನಿನಲ್ಲಿ ಸೇರಿದ್ದೆವು. ಎಲ್ಲ ಎಂದರೆ ಹದಿನೈದು ಇಪ್ಪತ್ತು ಜನ, ಒಬ್ಬರ ಮನೆಯ ಗ್ಯಾರೇಜಿನಲ್ಲಿ ಹಿಡಿಯುವಷ್ಟು. ಕಾದಂಬರಿಗಳು ಬಂದಿವೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಬಾಗಲಕೋಟೆ ಕಡೆಯ ಒಬ್ಬಳು ಹುಡುಗಿ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದಳು. ಡಾಕ್ಟರ ಹೆಂಡತಿ, ಮದುವೆಯಾಗಿ ಎಂಟೇ ತಿಂಗಳು. ತೆಳ್ಳಗೆ, ಕಿವಿಯಲ್ಲಿ ದೊಡ್ಡ ಬೆಂಡೋಲೆ.

“ಅಕ್ಕಾರ, ಕಾದಂಬರಿ ಅದಾವೇನ್ರಿ? ಕನ್ನಡದ್ವು? ಖರೇನಽ?”

ಆಕೆಯ ಗಂಡ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ. ನಗುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದ: “ತರಸ್ಕೋ ಮಾರಾಯ್ತಿ. ಆದ್ರ ಆ ಅಳಬುರುಕ ಪುಸ್ತಕ ನನ್ನ ಕಣ್ಣಿಗೆ ಬೀಳಬಾರ್ದು ನೋಡು. ನಾ ಮುಟ್ಟಾಂವ ಅಲ್ಲ.” ಗಂಡಸರು ನಕ್ಕರು. ಆಕೆಯೂ ನಕ್ಕಳು. ತಲೆ ಸ್ವಲ್ಪ ತಡವಾಗಿ ಎತ್ತಿದಳು ಎಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ.

ನಮ್ಮಿಬ್ಬರ ಜೊತೆ ಸೇರಿದ ಮೂರನೆಯವನು ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ಹುಬ್ಬಳ್ಳಿಯ ಮುಸ್ಲಿಂ ಹುಡುಗ. ಅವನೂ ನನ್ನಂತೆಯೇ ಮನೆಗೆ ಮೊದಲ ಡಿಗ್ರಿ, ಅವನೂ ತಾಯಿಗೆ ಕಾದಂಬರಿ ಓದಿ ಹೇಳಿದವನು. “ನನಗ ಪತ್ತೇದಾರಿ ಇದ್ರ ಕಳಸ್ರಿ ಅಕ್ಕಾರ. ಅಳೂದು ನನ್ನ ಥೀಸಿಸ್ ನೋಡಿ ಅಳ್ತೀನಿ,” ಎಂದ.

ಹೀಗೆ ನಮ್ಮ ಸುತ್ತು ಶುರುವಾಯಿತು. ಐದೈದು ಪುಸ್ತಕದ ಪಾರ್ಸೆಲ್ಲು ನನ್ನಿಂದ ಆಸ್ಟಿನ್ನಿಗೆ, ಅಲ್ಲಿಂದ ಹ್ಯೂಸ್ಟನ್ನಿಗೆ, ಅಲ್ಲಿಂದ ಮತ್ತೆ ಡಲ್ಲಾಸಿಗೆ. ಎಲ್ಲ ಪುಸ್ತಕ ಮುಗಿದರೆ ಒಂದು ಸುತ್ತು, ಮತ್ತೆ ಮೊದಲಿನಿಂದ. ರಟ್ಟು ಹರಿದು ಹೆಸರೇ ಇಲ್ಲದವು ಬಹಳ ಇದ್ದವು. ನರ್ಸಿನದು, ಇಬ್ಬರು ಹೆಂಡಿರದು, ರೈಲಿನ ಕೊಲೆಯದು ಎಂದು ಕರೆಯುತ್ತಿದ್ದೆವು. ಪ್ರತಿ ಪುಸ್ತಕದ ಒಳಮೈಗೆ ನಾನು ಚೀಟಿ ಅಂಟಿಸಿದೆ: ‘ಬರೆಯಬೇಡಿ. ಹಾಳೆ ಮಡಿಸಬೇಡಿ. ಅರಿಸಿನದ ಕೈಯಲ್ಲಿ ಮುಟ್ಟಬೇಡಿ.’ ಕೆಳಗೆ ನನ್ನ ಹೆಸರು, ಬಿ.ಎಸ್ಸಿ.

“ನಿಮ್ಮ ಲೈಬ್ರರಿ ಜೇಲಿಗಿಂತ ಕಡಕ್ ಅದ ಬಿಡ್ರಿ,” ಎಂದು ಹುಡುಗ ಕಾರ್ಡು ಬರೆದ.

ಮೊದಲ ಸುತ್ತು ಹ್ಯೂಸ್ಟನ್ನಿನಿಂದ ಬಂದಾಗಲೇ ನರ್ಸಿನ ಕಾದಂಬರಿಯ ಅಂಚುಗಳಲ್ಲಿ ಪೆನ್ಸಿಲ್ಲಿನ ಗೀಚು. ಸಣ್ಣಗೆ, ಒತ್ತೊತ್ತಾಗಿ, ಪುಟದ ಬದಿಯಲ್ಲಿ, ಅಧ್ಯಾಯ ಮುಗಿದು ಖಾಲಿ ಉಳಿದ ಜಾಗದಲ್ಲಿ. ನನಗೆ ಸಿಟ್ಟು ಬಂತು. ಚೀಟಿ ಕಣ್ಣಿಗೆ ಕಾಣುವುದಿಲ್ಲವೇ? ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು, ರಬ್ಬರು ತೆಗೆದುಕೊಂಡು, ಹಳೆಯ ಕೈಚಳಕದಲ್ಲಿ ಎಲ್ಲವನ್ನೂ ಉಜ್ಜಿದೆ. ಒಂದಕ್ಷರ ಓದಲಿಲ್ಲ. ಪಾರ್ಸೆಲ್ಲಿನಲ್ಲಿ ಒಂದು ಚೀಟಿ ಇಟ್ಟೆ: ‘ದಯವಿಟ್ಟು ಪುಸ್ತಕದಲ್ಲಿ ಬರೆಯಬೇಡಮ್ಮ.’

ಎರಡನೇ ಸುತ್ತಿನಲ್ಲಿ ಮತ್ತೆ ಅದೇ. ಅದೇ ಪುಸ್ತಕ, ನಾನು ಉಜ್ಜಿ ಬಿಳಿ ಮಾಡಿದ್ದ ಅದೇ ಜಾಗಗಳಲ್ಲಿ ಮತ್ತೆ ಬರಹ, ಈ ಸಲ ಇನ್ನಷ್ಟು. ಮತ್ತೆ ಉಜ್ಜಿದೆ. ಒಂದು ಕಡೆ ಎಷ್ಟು ಜೋರಾಗಿ ಉಜ್ಜಿದೆನೆಂದರೆ ಹಾಳೆ ತೆಳ್ಳಗಾಗಿ ನಾರೆದ್ದಿತು. ಯಜಮಾನರು ಪೇಪರಿನಿಂದ ತಲೆ ಎತ್ತಿ, “ಪೆನ್ಸಿಲ್ ತಾನೇ, ಬಿಡೇ. ಏನ್ ಬರ್ದಿದ್ದಾಳೆ ಅಂತಾದ್ರೂ ನೋಡು,” ಎಂದರು.

“ಏನ್ ಬರೀತಾಳೆ? ನಾಯಕಿ ಅತ್ತಳು, ನಾನೂ ಅತ್ತೆ ಅಂತ ಬರ್ದಿರ್ತಾಳೆ.”

ಅವರು ಆ ಮಾತು ಹೇಳಿದರಲ್ಲ, ಅದೇ ನನ್ನನ್ನು ಇವತ್ತಿಗೂ ತಿನ್ನುವುದು. ಓದು ಎಂದು ನನಗೆ ಒಬ್ಬರು ಹೇಳಿದ್ದರು.

ಮರುದಿನ ಲ್ಯಾಬಿನ ಟೈಪ್‌ರೈಟರಿನಲ್ಲಿ ಕೂತು ಒಂದು ಪತ್ರ ಹೊಡೆದೆ. ಇಂಗ್ಲಿಷಿನಲ್ಲಿ, ಡಾಕ್ಟರ್ ಮತ್ತು ಶ್ರೀಮತಿ ಎಂದು ಇಬ್ಬರ ಹೆಸರಿಗೂ. ಕನ್ನಡದಲ್ಲಿ ಬರೆದರೆ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಡಾಕ್ಟರರಿಗೂ ನಾನು ಓದಿದವಳೆಂದು ತಿಳಿಯಲಿ ಎಂಬ ಬಿಂಕ. ಪುಸ್ತಕಗಳು ಹಾಳಾಗುತ್ತಿವೆ, ಎರಡು ಸಲ ಹೇಳಿದರೂ ನಿಂತಿಲ್ಲ ಎಂದು ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಔಷಧಿ ಅಂಗಡಿಯ ಕಾದಂಬರಿಯಿಂದ ನೋಟ್‌ಬುಕ್ಕಿಗೆ ಇಳಿಸಿದ್ದ ಒಂದು ಮಾತು ನೆನಪಿಗೆ ಬಂತು. ಬರಹವನ್ನು ನಾನು ಗಮನವಿಟ್ಟು ಓದಿದೆ, ಅದಕ್ಕೆ ಹಿಂದುಮುಂದಿಲ್ಲ, ಸ್ಥಿಮಿತ ತಪ್ಪಿದ ಮನಸ್ಸು ಗೀಚಿದಂತಿದೆ ಎಂದು ಸೇರಿಸಿದೆ. ಓದಿರಲಿಲ್ಲ. ಓದಿದೆ ಎಂದು ಬರೆದೆ. ಆ ವಾಕ್ಯ ಬಹಳ ಚೆನ್ನಾಗಿ ಬಂತೆಂದು ಖುಷಿಪಟ್ಟೆ. ಸಹಿ ಹಾಕಿ ಬಿ.ಎಸ್ಸಿ. ಎಂದು ಬರೆದೆ.

ವಾರದೊಳಗೆ ಆ ಸುತ್ತಿನಲ್ಲಿ ಉಳಿದಿದ್ದ ಪುಸ್ತಕಗಳೆಲ್ಲ ಬಂದವು. ಅಚ್ಚುಕಟ್ಟಾದ ಕಟ್ಟು, ಅಂಚುಗಳು ಸ್ವಚ್ಛ. ಜೊತೆಗೆ ಡಾಕ್ಟರರ ಕೈಬರಹದ ಒಂದು ಚೀಟಿ: ನನ್ನ ಗಮನಕ್ಕೆ ತಂದದ್ದಕ್ಕೆ ಕೃತಜ್ಞ, ಇನ್ನು ಮುಂದೆ ಹೀಗಾಗುವುದಿಲ್ಲ. ನೋಡಿದಿರಾ, ಓದಿದವರ ಭಾಷೆಯಲ್ಲಿ ಹೇಳಿದರೆ ಕೆಲಸ ಆಗುತ್ತದೆ ಎಂದು ನಾನು ಯಜಮಾನರಿಗೆ ಆ ಚೀಟಿ ತೋರಿಸಿದೆ. ಆಮೇಲೆ ನರ್ಸಿನ ಕಾದಂಬರಿಯನ್ನೂ ಸೇರಿಸಿ ಮೂರನೇ ಸುತ್ತಿನ ಪಾರ್ಸೆಲ್ಲನ್ನು ಆಸ್ಟಿನ್ನಿಗೆ ಕಳಿಸಿದೆ.

ಒಂದು ಶನಿವಾರ ಬೆಳಿಗ್ಗೆ ಆ ಹುಡುಗ ಫೋನ್ ಮಾಡಿದ. ದೂರದ ಕರೆಗೆ ದುಡ್ಡು ಸುರಿಯುವವನಲ್ಲ ಅವನು.

“ಅಕ್ಕಾರ, ಏನ್ ಮಾಡಾಕತ್ತೀರಿ?”

“ಸಾರಿಗಿಟ್ಟಿದ್ದೀನಪ್ಪ, ಬೇಗ ಹೇಳು.”

“ಒಲಿ ಆರಿಸಿ ಬರ್ರಿ.”

ಆರಿಸಿ ಬಂದೆ.

“ನರ್ಸಿಂದು ಐತಲ್ರಿ, ಅಳೂ ಪುಸ್ತಕಂತ ಹಿಂದ ತೆರದೂ ನೋಡಿದ್ದಿಲ್ಲ, ಅದರಾಗ ಅಳಿಸಿದ ಗುರ್ತು ಅದಾವ. ಯಾರ್ ಬರದಿದ್ರು?”

“ಹ್ಯೂಸ್ಟನ್ನಿನ ಹುಡುಗಿ. ನಾನೇ ಅಳಿಸಿದ್ದು. ಯಾಕೆ, ಪೂರ್ತಿ ಹೋಗಿಲ್ವಾ?”

“ಹೋಗಿಲ್ರಿ,” ಎಂದ. “ಅಳಿಸೂಕಿಂತ ಮೊದಲ ಓದೀರೇನ್ರಿ?”

ಏನಿತ್ತು ಎಂದೆ. ಅವನು ಹೇಳಿದ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಹಾಳೆಯಲ್ಲಿ ತಗ್ಗು ಕಂಡವಂತೆ. ಅಗ್ಗದ ಕಾಗದ, ಪೆನ್ಸಿಲ್ಲು ಒತ್ತಿ ಬರೆದರೆ ಹಾಗೇ ಉಳಿಯುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಓದಿದ್ದ ಉಪಾಯ ನೆನಪಾಗಿ, ಪೆನ್ಸಿಲ್ಲಿನ ಮೊನೆಯನ್ನು ಮಲಗಿಸಿ ಅಂಚಿಗೆಲ್ಲ ತೆಳುವಾಗಿ ಕಪ್ಪು ಹಚ್ಚಿದ. ತಗ್ಗಿಗೆ ಬಣ್ಣ ಹತ್ತದೆ ಅಕ್ಷರಗಳು ಬಿಳಿಯಾಗಿ ಎದ್ದವು. “ಮೊದಲ ಚ್ಯಾಷ್ಟಿಗೆ ಮಾಡಿದ್ನಿರಿ,” ಎಂದ. “ಓದ್ತೀನಿ ಕೇಳ್ರಿ.”

ಓದಿದ.

‘ಅಕ್ಕಾರ, ಇದನ್ನ ಅವರು ಮುಟ್ಟೂದಿಲ್ಲ ಅಂತ ಇಲ್ಲೆ ಬರಿಯಾಕತ್ತೀನಿ. ಹೊರಗಿಂದ ಕೀಲಿ ಹಾಕಿ ಹೋಗ್ತಾರ. ಫೋನಿಗೂ ಕೀಲಿ ಹಾಕ್ಯಾರ. ಪತ್ರ ಬರದ್ರ ಅವರು ಓದಿ ಹಾಕ್ತಾರ.’

‘ನನ್ನ ಪಾಸ್‌ಪೋರ್ಟ್ ಅವರ ಹತ್ರ ಅದ. ಬಲಗೈ ಬಟ್ಟು ಮುರದದ, ಅದಕ್ಕ ಅಕ್ಷರ ಹಿಂಗ ಆಗ್ಯಾವ.’

‘ನಿಮ್ಮ ಫೋನ್ ನಂಬರ ನೂರಾ ಹತ್ತನೇ ಪುಟದಾಗ ಬರೀರಿ. ಅಲ್ಲೆ ಅರ್ಧ ಹಾಳಿ ಖಾಲಿ ಅದ. ಪತ್ರದಾಗ ಬ್ಯಾಡ.’

“ಇವು ಮೊದಲನೇ ಸಲದ್ವು ಇರಬೇಕ್ರಿ,” ಎಂದ. “ಅದರ ಮ್ಯಾಲೆ ಇನ್ನೊಂದು ಸಲ ಬರದಾರ.”

“ಓದು.”

‘ಅಕ್ಕಾರ, ನೀವು ಅಳಿಸಿದ್ದು ನೋಡಿದೆ. ಓದಿ, ಯಾರ ಕಣ್ಣಿಗೂ ಬೀಳಬಾರ್ದಂತ ಅಳಿಸೀರಿ. ಬರೀಬ್ಯಾಡ ಅಂತ ಚೀಟಿ ಬ್ಯಾರೆ ಇಟ್ಟೀರಿ, ಅವರು ನೋಡಿದ್ರೂ ಸಂಶೆ ಬರಬಾರ್ದಂತ. ಭಾಳ ಶಾಣ್ಯಾ ಇದ್ದೀರಿ. ನನಗ ಧೈರ್ಯ ಬಂತು.’

ನಾನು ಅಡುಗೆಮನೆಯ ನೆಲದ ಮೇಲೆ ಕೂತೆ.

“ಅಕ್ಕಾರ, ಕೇಳಾಕತ್ತೀರೇನ್ರಿ? ಇನ್ನೊಂದು ಎರಡು ಸಾಲು ಅದಾವ ನೂರಾ ಹತ್ತರಾಗ. ಅಲ್ಲೆ ಹಾಳಿ ತಿಕ್ಕಿ ತಿಕ್ಕಿ ನಾರೆದ್ದದ. ಏನೂ ಕಾಣವಲ್ದು.”

ಪತ್ರದ ವಿಷಯ ನಾನು ಅವನಿಗೆ ಆಗ ಹೇಳಲಿಲ್ಲ. ಹ್ಯೂಸ್ಟನ್ನಿಗೆ ಬಾ ಎಂದಷ್ಟೇ ಹೇಳಿದೆ. ದಾರಿಯುದ್ದಕ್ಕೂ ಯಜಮಾನರು ಡ್ರೈವ್ ಮಾಡಿದರು, ನಾನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ. ಊರು ಹತ್ತಿರವಾದಾಗ ಪತ್ರದಲ್ಲಿ ಏನೇನು ಬರೆದಿದ್ದೆನೆಂದು ಅವರಿಗೆ ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, “ಓದಿದೀನಿ ಅಂತ ಬರ್ದೆಯಾ?” ಎಂದರು.

ಮಧ್ಯಾಹ್ನದ ಹೊತ್ತಿಗೆ ನಾವು ಮೂವರೂ ಆ ಮನೆಯ ಮುಂದೆ ನಿಂತಿದ್ದೆವು. ಬೀಗ ಹಾಕಿತ್ತು. ಹುಡುಗ ಕಿಟಕಿಗಳನ್ನು ತಟ್ಟುತ್ತಾ ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದ. ಎದುರುಮನೆಯ ಅಮೆರಿಕನ್ ಅಜ್ಜಿ ಹುಲ್ಲಿಗೆ ನೀರು ಬಿಡುತ್ತಿದ್ದವಳು ಪೈಪು ಕೆಳಗಿಟ್ಟು ಬಂದಳು. ಡಾಕ್ಟರರ ಹೆಂಡತಿಗೆ ಮೈಯಲ್ಲಿ ಹುಷಾರಿಲ್ಲ, ತಿಂಗಳಾಗುತ್ತ ಬಂತು ಆಸ್ಪತ್ರೆಗೆ ಸೇರಿಸಿ ಎಂದಳು. ಮೈಯಲ್ಲಿ ಎಂದವಳು, ತನ್ನ ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಆಸ್ಪತ್ರೆಯ ಹೆಸರೂ ಅವಳೇ ಹೇಳಿದಳು. ನನ್ನ ಪತ್ರ ಟಪಾಲಿಗೆ ಬಿದ್ದ ದಿನದಿಂದ ಲೆಕ್ಕ ಹಾಕಿದೆ. ಸರಿಯಾಗಿ ಕೂಡಿತು.

ಆಸ್ಪತ್ರೆಯಲ್ಲಿ ಶನಿವಾರ ಯಾರೂ ಮಾತಾಡಲಿಲ್ಲ. ಸಂಬಂಧಿಕರಲ್ಲದವರು ವಾರದ ದಿನ ಬಂದು ಸೋಷಿಯಲ್ ವರ್ಕರನ್ನು ನೋಡಿ ಎಂದರು. ವಾಪಸು ಹೋಗುವ ಮೊದಲು ಹುಡುಗನಿಂದ ಪುಸ್ತಕ ಇಸಿದುಕೊಂಡೆ. ಮೂರು ದಿನ ನಾನೇ ಕೂತು ಉಳಿದ ಪುಟಗಳಿಗೂ ಪೆನ್ಸಿಲ್ಲು ಹಚ್ಚಿದೆ. ಅಳಿಸಿದ ಕೈಯೇ ಎಬ್ಬಿಸಬೇಕಿತ್ತು. ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡಿ, ಪುಟದ ಸಂಖ್ಯೆ ಹಾಕಿ, ಲ್ಯಾಬಿನ ಅದೇ ಟೈಪ್‌ರೈಟರಿನಲ್ಲಿ ಹೊಡೆದೆ. ಈ ಸಲ ಒಂದು ಮಾತನ್ನೂ ಚೆಂದ ಮಾಡಲಿಲ್ಲ.

ವಾರದ ನಡುವೆ ಮತ್ತೆ ಹ್ಯೂಸ್ಟನ್ನಿಗೆ ಹೋದೆ. ಸೋಷಿಯಲ್ ವರ್ಕರ್ ನಡುವಯಸ್ಸಿನ ಹೆಂಗಸು, ಒಳ್ಳೆಯವಳೇ. ನಾನು ಕೊಟ್ಟ ಹಾಳೆಗಳನ್ನು ಎರಡು ಸಲ ಓದಿದಳು. ಕಪ್ಪು ಹಚ್ಚಿದ ಪುಟಗಳನ್ನು ತಿರುವಿ ನೋಡಿದಳು. ಬೆರಳು ಮುರಿದದ್ದು ಆಸ್ಪತ್ರೆಗೆ ಬಂದಾಗಲೇ ಕಂಡಿತ್ತು, ಬಾಗಿಲಿಗೆ ಸಿಕ್ಕಿತೆಂದು ಗಂಡ ಹೇಳಿದ್ದಾರೆ ಎಂದಳು. ಆಮೇಲೆ ಫೈಲು ತೆರೆದು, ಅದರಿಂದ ಒಂದು ಹಾಳೆ ತೆಗೆದು, ನನ್ನ ಹಾಳೆಗಳ ಪಕ್ಕದಲ್ಲಿಟ್ಟಳು.

ನನ್ನ ಪತ್ರ. ಅದೇ ಟೈಪ್‌ರೈಟರಿನ ಮುರಿದ ‘ಇ’. ಕೆಳಗೆ ನನ್ನ ಸಹಿ, ನನ್ನ ಡಿಗ್ರಿ.

ಗಂಡ ಇದನ್ನು ತಂದುಕೊಟ್ಟಿದ್ದಾರೆ ಎಂದಳು. ಅವರ ಸಮುದಾಯದ ಓದಿದ ಹೆಂಗಸೊಬ್ಬಳು, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಬರಹವನ್ನು ಗಮನವಿಟ್ಟು ಓದಿ ಹೀಗೆ ಹೇಳಿದ್ದಾಳೆ. ಈಗ ಅದೇ ಬರಹಕ್ಕೆ ಅದೇ ಹೆಂಗಸು ಬೇರೆ ಅರ್ಥ ತಂದಿದ್ದಾಳೆ. ಎರಡರಲ್ಲಿ ಯಾವುದನ್ನು ನಂಬಲಿ ಎಂದು ಕೇಳಿದಳು. ಹಂಗಿಸಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದಳು.

ಮೊದಲನೆಯದು ಸುಳ್ಳು, ನಾನು ಓದಿರಲಿಲ್ಲ ಎಂದೆ.

ಓದದೆ ಯಾಕೆ ಹಾಗೆ ಬರೆದಿರಿ ಎಂದಳು.

ಮೈಸೂರಿನ ಲೈಬ್ರರಿಯ ಮೂಲೆಯನ್ನು ಅವಳಿಗೆ ಯಾವ ಇಂಗ್ಲಿಷಿನಲ್ಲಿ ಹೇಳುವುದು? ಹೇಳಲು ನೋಡಿದೆ. ಪುಸ್ತಕದಲ್ಲಿ ಬರೆಯುವುದು ನಮ್ಮಲ್ಲಿ ತಪ್ಪು, ಚಿಕ್ಕಂದಿನಿಂದ ಅಳಿಸುವುದು ಅಭ್ಯಾಸ ಎಂದೆ. ಅವಳು ತಾಳ್ಮೆಯಿಂದ ಕೇಳಿ, ಬರೆದುಕೊಂಡಳು. ಇಲ್ಲಿನ ಡಾಕ್ಟರಿಗೆ ತಿಳಿಸುತ್ತೇನೆ, ಆದರೆ ಗಂಡನೂ ಡಾಕ್ಟರು, ನಿಮ್ಮ ಮಾತು ಎರಡು ತೆರನಾಗಿದೆ, ಹೆಚ್ಚು ಭರವಸೆ ಇಟ್ಟುಕೊಳ್ಳಬೇಡಿ ಎಂದಳು. ಎದ್ದು ನಿಂತವಳು, ಆಕೆ ಬಂದಾಗಿನಿಂದ ತನ್ನ ಭಾಷೆಯ ಯಾರೊಂದಿಗೂ ಮಾತಾಡಿಲ್ಲ, ಹತ್ತು ನಿಮಿಷ ನೋಡಿ ಹೋಗಿ ಎಂದು ಅನುಮತಿ ಕೊಟ್ಟಳು.

ಒಳಗೆ ಹೋಗುವ ಮೊದಲು ಕಾರಿಡಾರಿನ ಬೆಂಚಿನ ಮೇಲೆ ಕೂತು, ನೂರಾ ಹತ್ತನೇ ಪುಟ ತೆಗೆದು, ನನ್ನ ಫೋನ್ ನಂಬರು ಬರೆದೆ. ಪೆನ್ನಿನಲ್ಲಿ ಬರೆದೆ. ಜೀವಮಾನದಲ್ಲಿ ಪುಸ್ತಕದೊಳಗೆ ನಾನು ಬರೆದದ್ದು ಅದೊಂದೇ ಸಲ.

ಆಕೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಬೆಂಡೋಲೆ ಇರಲಿಲ್ಲ. ಮುಖ ಊದಿತ್ತು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

“ಲೈಬ್ರರಿ ಅಕ್ಕಾರ,” ಎಂದಳು. “ನಿಂದರಬ್ಯಾಡ್ರಿ, ಕುಂದರ್ರಿ.” ಮನೆಗೆ ಬಂದವರಿಗೆ ಹೇಳುವ ಹಾಗೆ.

ಪುಸ್ತಕವನ್ನು ಆಕೆಯ ಮಡಿಲಲ್ಲಿಟ್ಟೆ. ಕಪ್ಪು ಅಂಚುಗಳನ್ನು ತಿರುವಿದಳು. ತನ್ನ ಅಕ್ಷರವನ್ನು ಬೆರಳಿನಿಂದ ಮುಟ್ಟಿದಳು. ಆ ಬೆರಳು ಸೊಟ್ಟಗೆ ಕೂಡಿಕೊಂಡಿತ್ತು.

“ನೀವು ಇದನ್ನ ಓದಿ ಅಳಿಸಿದ್ರೇನ್ರಿ, ಇಲ್ಲಾ ಓದಲಾರದ?”

ಸುಳ್ಳು ಹೇಳಬಹುದಿತ್ತು. ಯಾವ ಸುಳ್ಳು ಎಂದು ಯೋಚಿಸಿದೆ. ಓದಿದೆ ಎಂದರೆ ಓದಿಯೂ ಬರಲಿಲ್ಲ ಎಂದಾಗುತ್ತದೆ.

“ಓದ್ಲಿಲ್ಲಮ್ಮ. ಓದ್ದೆ ಅಳಿಸ್ದೆ.”

ಆಕೆ ನನ್ನನ್ನೇ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿದಳು.

“ಹಂಗಂದ್ರ ಛಲೋ ಆತು ಬಿಡ್ರಿ. ಓದಿ ಸುಮ್ಮ ಕುಂತ್ರಿ ಅಂತ ತಿಳ್ಕೊಂಡಿದ್ನಿ. ಅದೇ ಭಾಳ ತ್ರಾಸ ಆಗಿತ್ತು ನೋಡ್ರಿ.”

ನನ್ನ ಪತ್ರದ ವಿಷಯವನ್ನೂ ಹೇಳಿದೆ. ಹೇಳದೆ ಎದ್ದು ಬರಲು ಆಗಲಿಲ್ಲ. ಕೇಳಿಸಿಕೊಂಡಳು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. “ಇಂಗ್ಲಿಷ್ ಛಲೋ ಬರೀತೀರಂತ, ಅವರು ಅಂದಿದ್ರು,” ಎಂದಳು.

ನೂರಾ ಹತ್ತನೇ ಪುಟ ತೆಗೆದು ತೋರಿಸಿದೆ. ನಂಬರನ್ನು ನೋಡಿದಳು. “ಪೆನ್ನೀಲೆ ಬರದೀರಿ!” ಎಂದು ಮೊದಲ ಸಲ ನಕ್ಕಳು. ಅದರ ಕೆಳಗೆ ನಾರೆದ್ದ ಜಾಗದ ಮೇಲೆ ಬೆರಳಿಟ್ಟು ನಾನು ಕೇಳಿದೆ: “ಇಲ್ಲಿ ಎರಡು ಸಾಲು ಬರ್ದಿದ್ರಿ. ಎಬ್ಬಿಸೋಕೆ ಆಗ್ಲಿಲ್ಲ. ಏನಿತ್ತು?”

ಬಹಳ ಹೊತ್ತು ಆ ಜಾಗವನ್ನು ನೋಡಿದಳು. ತುಟಿ ಅಲ್ಲಾಡಿತು.

“ನೆನಪಾಗವಲ್ದರಿ,” ಎಂದಳು. “ಇಲ್ಲೆ ಗುಳಗಿ ಕೊಡ್ತಾರ. ಏನೂ ಉಳಿಯೂದಿಲ್ಲ.”

ನರ್ಸು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದಳು. ಪುಸ್ತಕವನ್ನು ಆಕೆಯ ಬಳಿಯೇ ಬಿಟ್ಟುಬಂದೆ.

ಎರಡು ವಾರ ನಾನೂ ಹುಡುಗನೂ ದಿನಾ ಆಸ್ಪತ್ರೆಗೆ ಫೋನ್ ಮಾಡಿದೆವು. ಮೂರನೇ ವಾರ ಸೋಷಿಯಲ್ ವರ್ಕರ್ ತಾನಾಗಿಯೇ ಮಾಡಿ, ಗಂಡ ಆಕೆಯನ್ನು ಬಿಡಿಸಿಕೊಂಡು ಇಂಡಿಯಾಕ್ಕೆ ಕರೆದುಕೊಂಡು ಹೋದರು ಎಂದಳು. ಆಕೆಯ ತವರಿನ ವಿಳಾಸವನ್ನು ಹುಡುಗ ಹುಬ್ಬಳ್ಳಿಯ ಕಡೆಯಿಂದ ಹುಡುಕಿಸಿ ತರಿಸಿದ. ಬರೆದೆ. ಎಲ್ಲವನ್ನೂ ಬರೆದೆ, ಕನ್ನಡದಲ್ಲಿ. ಆಕೆಯ ತಂದೆಯಿಂದ ಒಂದು ಕಾರ್ಡು ಬಂತು: ಮಗಳನ್ನು ಅಳಿಯಂದಿರು ಅವರ ಊರಿನ ಕಡೆ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ, ಡಾಕ್ಟರರು, ಅವರಿಗೆ ತಿಳಿದಿರುತ್ತದೆ, ತಾವು ಇನ್ನು ಈ ವಿಷಯದಲ್ಲಿ ಬರೆಯಕೂಡದು. ಮತ್ತೆ ಮೂರು ಸಲ ಬರೆದೆ. ಉತ್ತರವಿಲ್ಲ.

ಸುತ್ತು ಅಲ್ಲಿಗೆ ನಿಂತಿತು. ಹುಡುಗ ಡಿಗ್ರಿ ಮುಗಿಸಿ ಬೇರೆ ಊರಿಗೆ ಶಿಫ್ಟ್ ಆದ. ಉಳಿದ ಕಾದಂಬರಿಗಳು ಅಮ್ಮನ ಅದೇ ಸೀರೆಯಲ್ಲಿ ಸುತ್ತಿ ಅಲಮಾರಿಯಲ್ಲಿವೆ. ನರ್ಸಿನ ಕಾದಂಬರಿ ಅವುಗಳಲ್ಲಿಲ್ಲ. ಆಸ್ಪತ್ರೆಯನ್ನು ಕೇಳಿದೆ, ಅಲ್ಲಿಯೂ ಇಲ್ಲ. ಹೋಗುವಾಗ ತನ್ನ ಜೊತೆ ಒಯ್ದಿರಬೇಕು. ಇಲ್ಲವೇ ಆತ ಎಸೆದಿರಬೇಕು.

ಅಮ್ಮನಿಗೆ ಈ ಕಥೆಯನ್ನು ನಾನು ಎಂದೂ ಓದಿ ಹೇಳಲಿಲ್ಲ. ಯಾರಿಗಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ ಎಂದು ಅವಳು ಅದೇ ಪ್ರಶ್ನೆ ಕೇಳುತ್ತಿದ್ದಳು.

ಆಮೇಲೆ ಯಜಮಾನರಿಗೆ ಸಂಬಳ ಏರಿತು. ಊರಾಚೆ ದೊಡ್ಡ ಮನೆ ಕೊಳ್ಳೋಣ ಎಂದರು. ಅಷ್ಟು ದೂರ ಹೋದರೆ ಫೋನ್ ನಂಬರು ಬದಲಾಗುತ್ತದೆ ಎಂದು ಫೋನಿನ ಕಂಪನಿಯವರು ಹೇಳಿದರು. ನಾನು ಒಪ್ಪಲಿಲ್ಲ. ಫಾರ್ಮರ್ಸ್ ಬ್ರಾಂಚಿನಲ್ಲೇ, ಎರಡು ಬೀದಿ ಆಚೆ, ಹಳೆಯ ಮನೆಯೊಂದನ್ನು ತೆಗೆದುಕೊಂಡೆವು. ನಂಬರು ಅದೇ ಇದೆ.